ಕರಗದ ಬೆಸುಗೆ, ಬದುಕಿದ ಕಾರ್ಡು

ಕಂಪ್ಯೂಟರಿನ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡು ಸತ್ತುಹೋದರೆ, ಅದರ ಫ್ಯಾನು, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಬಿಚ್ಚಿ, ಬರೀ ಬೋರ್ಡನ್ನು ಓವನ್ನಿನಲ್ಲಿಟ್ಟು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎಂಟು-ಹತ್ತು ನಿಮಿಷ ಕಾಯಿಸಿದರೆ ಅದಕ್ಕೆ ಮತ್ತೆ ಜೀವ ಬರುತ್ತದಂತೆ. ಈ ಮನೆಮದ್ದು ಬಹಳ ವರ್ಷಗಳಿಂದ ಕೈಯಿಂದ ಕೈಗೆ ದಾಟುತ್ತಿದೆ. ತಮಾಷೆಯೆಂದರೆ ಕೆಲವು ಸಲ ಕಾರ್ಡು ನಿಜಕ್ಕೂ ಬದುಕುತ್ತದೆ. ಅದಕ್ಕೆ ಕೊಡುವ ಕಾರಣ ಮಾತ್ರ ಲೆಕ್ಕಕ್ಕೆ ಕೂರುವುದಿಲ್ಲ. ಚಿಪ್ಪನ್ನು ಬೋರ್ಡಿಗೆ ಅಂಟಿಸುವ ಲೋಹವೇ ಬೆಸುಗೆ; "ಬಿರುಕು ಬಿಟ್ಟ ಬೆಸುಗೆ ಕರಗಿ ಮತ್ತೆ ಕೂಡಿಕೊಂಡಿತು" ಎನ್ನುತ್ತಾರೆ. ಸರಿ, ಯಾವ ಬೆಸುಗೆ? ಅದು ಎಷ್ಟು ಡಿಗ್ರಿಗೆ ಕರಗುತ್ತದೆ?

ಹಳೆಯ ಕಾಲದ ಬೆಸುಗೆಯಲ್ಲಿ ಶೇ 63 ತವರ, ಶೇ 37 ಸೀಸ. ಅದು 183 ಡಿಗ್ರಿಗೇ ನೀರಾಗುತ್ತದೆ. ಆದರೆ ಸೀಸ ವಿಷವೆಂದು ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸರಕುಗಳಲ್ಲಿ ಅದಕ್ಕೆ ಕಡಿವಾಣ ಹಾಕಿತು. ಒಂದೇ ಸರಕನ್ನು ಎಲ್ಲ ದೇಶಗಳಿಗೂ ಮಾರುವ ಕಂಪನಿಗಳು ತವರ, ಬೆಳ್ಳಿ, ತಾಮ್ರದ ಮಿಶ್ರಣಕ್ಕೆ ಬದಲಾದವು. ಇದರಲ್ಲಿ ಹೆಚ್ಚು ಬಳಕೆಯ ಮಿಶ್ರಣ ಕರಗಲು ಶುರುವಾಗುವುದೇ 217 ಡಿಗ್ರಿಗೆ. 200 ಡಿಗ್ರಿಯ ಓವನ್ನಿನಲ್ಲಿ ಅದು ಅಲುಗುವುದೂ ಇಲ್ಲ.

ಅಷ್ಟೇ ಅಲ್ಲ, ಬಿರುಕು ಬಹಳ ಸಲ ಇರುವುದು ಆ ಬೆಸುಗೆಯಲ್ಲೇ ಅಲ್ಲ. ನಮ್ಮ ಕಣ್ಣಿಗೆ 'ಚಿಪ್' ಆಗಿ ಕಾಣುವುದು ಎರಡು ಅಂತಸ್ತಿನ ಕಟ್ಟಡ. ಮೇಲೆ ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ತುಣುಕು. ಅದರಡಿ ಒಂದು ಪುಟ್ಟ ಹಸಿರು ಹಲಗೆ. ಅದರಡಿ ದೊಡ್ಡ ಬೋರ್ಡು. ಹಲಗೆಗೂ ಬೋರ್ಡಿಗೂ ನಡುವೆ ಇರುವ ಬೆಸುಗೆ ಗುಂಡುಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಸಿಲಿಕಾನಿಗೂ ಹಲಗೆಗೂ ನಡುವೆ ಇನ್ನೂ ಚಿಕ್ಕ ಗುಂಡುಗಳ ಸಾಲುಗಳಿವೆ, ಒಂದೊಂದೂ ಸುಮಾರು ಕೂದಲೆಳೆಯಷ್ಟೇ ದಪ್ಪ. ಚಿಪ್ಪನ್ನು ಹೀಗೆ ಬೋರಲು ಮಲಗಿಸಿ ಗುಂಡುಗಳ ಮೇಲೆ ಕೂರಿಸುವ ಉಪಾಯವನ್ನು 1960ರ ದಶಕದಲ್ಲಿ ಐಬಿಎಂ ರೂಢಿಗೆ ತಂದಿತು. ಸೀಸದ ನಿರ್ಬಂಧ ಬಂದ ಮೇಲೂ ಹಲವು ಗ್ರಾಫಿಕ್ಸ್ ಚಿಪ್ಪುಗಳಲ್ಲಿ ಈ ಒಳಗುಂಡುಗಳು ಬಹುಪಾಲು ಸೀಸವೇ ಆಗಿದ್ದವು, ಏಕೆಂದರೆ ಶೇ 85ಕ್ಕಿಂತ ಹೆಚ್ಚು ಸೀಸವಿರುವ ಬೆಸುಗೆಗೆ ಕಾನೂನೇ ವಿನಾಯಿತಿ ಕೊಟ್ಟಿತ್ತು. ಅಂಥವು ಪೂರ್ತಿ ಕರಗಲು 300 ಡಿಗ್ರಿಯ ಆಸುಪಾಸು ಬೇಕು.

ಬಿರುಕು ಹುಟ್ಟುವ ಬಗೆ ನನಗೆ ಬಹಳ ಇಷ್ಟವಾದ ಭೌತವಿಜ್ಞಾನ. ಬಿಸಿಯಾದಾಗ ಸಿಲಿಕಾನ್ ಹಿಗ್ಗುವುದು ತೀರ ಕಡಿಮೆ, ಕೆಳಗಿನ ಹಲಗೆ ಅದರ ಐದಾರು ಪಟ್ಟು ಹಿಗ್ಗುತ್ತದೆ. ಇಪ್ಪತ್ತು ಮಿಲಿಮೀಟರ್ ಅಗಲದ ಚಿಪ್ಪು 60 ಡಿಗ್ರಿ ಬಿಸಿ ಏರಿದರೆ ಮೂರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು) ಬೆಳೆಯುತ್ತದೆ. ಅಷ್ಟೇ ಅಗಲದ ಹಲಗೆ ಸುಮಾರು ಹತ್ತೊಂಬತ್ತು ಮೈಕ್ರಾನ್. ಈ ಜಗ್ಗಾಟವನ್ನು ತಾಳಬೇಕಾದದ್ದು ನಡುವಿನ ಗುಂಡುಗಳು, ಅದರಲ್ಲೂ ಮೂಲೆಯವು. ಗೇಮ್ ಶುರುವಾದಾಗ ಒಂದು ಎಳೆತ, ಮುಗಿದು ಆರಿದಾಗ ಇನ್ನೊಂದು.

ಲೋಹ ಗಟ್ಟಿಯಲ್ಲವೇ, ತಡೆದುಕೊಳ್ಳಲಿ ಎನ್ನಬಹುದು. ಅತ್ಯಂತ ತಣ್ಣನೆಯ ಸ್ಥಿತಿಯಿಂದ ಎಣಿಸುವ ಕೆಲ್ವಿನ್ ಮಾನದಲ್ಲಿ ಲೆಕ್ಕ ಹಾಕಿ ನೋಡಿ. 217 ಡಿಗ್ರಿ ಎಂದರೆ 490 ಕೆಲ್ವಿನ್. 25 ಡಿಗ್ರಿಯ ಕೋಣೆ 298 ಕೆಲ್ವಿನ್. ಅಂದರೆ ಮೇಜಿನ ಮೇಲೆ ಸುಮ್ಮನಿರುವ ಬೋರ್ಡಿನ ಬೆಸುಗೆಯೂ ಕರಗುವ ಬಿಂದುವಿನ ಶೇ 60ರವರೆಗೆ ಏರಿ ಕೂತಿದೆ. ಕಬ್ಬಿಣ ಈ ಸ್ಥಿತಿಗೆ ಬರಬೇಕಾದರೆ 800 ಡಿಗ್ರಿ ದಾಟಿ ಕೆಂಪಗೆ ಕಾಯಬೇಕು! ಕಾರ್ಡು 80 ಡಿಗ್ರಿಯಲ್ಲಿ ದುಡಿಯುವಾಗ ಅದು ಶೇ 72. ಇಷ್ಟು ಬಿಸಿಯಲ್ಲಿ ಲೋಹ ನಿಧಾನಕ್ಕೆ ಹರಿಯುತ್ತದೆ, ಅದರ ಹರಳುಗಳು ದಪ್ಪವಾಗುತ್ತವೆ, ಅವುಗಳ ಅಂಚಿನಲ್ಲಿ ಸೀಳು ಬೆಳೆಯುತ್ತದೆ. ಇದನ್ನು ತಡೆಯಲೆಂದೇ ಒಳಗುಂಡುಗಳ ಸುತ್ತ ಎಪಾಕ್ಸಿ ಅಂಟು ತುಂಬಿರುತ್ತಾರೆ. ಆ ಅಂಟು ಚಿಪ್ಪು ದುಡಿಯುವ ಬಿಸಿಗೇ ಮೆತ್ತಗಾದರೆ ಭಾರವೆಲ್ಲ ಮತ್ತೆ ಗುಂಡುಗಳ ಮೇಲೆ.

ಹಾಗಾದರೆ ಓವನ್ ಮಾಡುವುದೇನು? ಅಂಟು ಮೆತ್ತಗಾಗಿ ಹಿಗ್ಗುತ್ತದೆ, ಹಲಗೆ ಬಾಗಿ ಮತ್ತೆ ನೇರವಾಗುತ್ತದೆ, ಸೀಳಿನ ಎರಡು ಮುಖಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಹೊತ್ತದ ಟಾರ್ಚನ್ನು ಅಂಗೈಗೆ ಬಡಿದು ಹೊತ್ತಿಸುವ ಹಾಗೆ. ರಿಪೇರಿ ಬಲ್ಲವರು ಇದನ್ನು ಪರೀಕ್ಷೆಯಾಗಿಯೇ ಬಳಸುತ್ತಾರೆ: ಬಿಸಿಗಾಳಿ ಊದುವ ಹಾಟ್ ಏರ್ ಉಪಕರಣದಿಂದ ಬೆಸುಗೆ ಕರಗದಷ್ಟೇ ಬಿಸಿಯನ್ನು ಚಿಪ್ಪಿಗೆ ಕೊಡುವುದು. ಪರದೆ ಬೆಳಗಿದರೆ ಅದನ್ನು ದುರಸ್ತಿಯೆಂದು ಕರೆಯದೆ, ಚಿಪ್ಪಿನೊಳಗೇ ದೋಷವಿದೆ ಎಂದು ಬರೆದುಕೊಳ್ಳುತ್ತಾರೆ. ಕೆಲವು ದಿನವೋ ವಾರವೋ ಕಳೆದರೆ ಕಾರ್ಡು ಮತ್ತೆ ಮಲಗುತ್ತದೆ.

ಇದು ಚಿಲ್ಲರೆ ಸಮಸ್ಯೆಯಾಗಿರಲಿಲ್ಲ. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360 ಕೆಟ್ಟಾಗ ಕೆಂಪು ದೀಪ ಬೆಳಗುವ ಕಾಯಿಲೆಗೆ ನೂರು ಕೋಟಿ ಡಾಲರಿಗೂ ಹೆಚ್ಚು ಎತ್ತಿಟ್ಟಿತು. ಮರುವರ್ಷ ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ, ಲ್ಯಾಪ್‌ಟಾಪ್ ಚಿಪ್ಪುಗಳ ಪ್ಯಾಕೇಜಿಂಗ್ ಸಾಮಗ್ರಿ ದುರ್ಬಲವೆಂದು ಒಪ್ಪಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತು. ಓವನ್ ಚಿಕಿತ್ಸೆಗೆ ಹೆಸರು ಬಂದದ್ದೂ ಆ ವರ್ಷಗಳಲ್ಲೇ. ಹರಕೆಗೆ ಹೆಸರು ಬರುವುದು ಹೀಗೆಯೇ: ಫಲಿಸಿದವರು ಊರಿಗೆಲ್ಲ ಹೇಳುತ್ತಾರೆ, ಫಲಿಸದವರು ಸುಮ್ಮನಾಗುತ್ತಾರೆ, ತಿಂಗಳಾದ ಮೇಲೆ ಏನಾಯಿತೆಂದು ಯಾರೂ ಕೇಳುವುದಿಲ್ಲ.

ಹಾನಿಯೂ ಇದೆ. 105 ಡಿಗ್ರಿಗೆಂದು ಮಾಡಿದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ (ವಿದ್ಯುತ್ ಕೂಡಿಡುವ, ಒಳಗೆ ದ್ರವವಿರುವ ಪುಟ್ಟ ಡಬ್ಬಿ) ಉಬ್ಬುತ್ತದೆ, ಒಡೆಯಲೂಬಹುದು. ಪ್ಲಾಸ್ಟಿಕ್ ಕನೆಕ್ಟರ್ ಸೊಟ್ಟಗಾಗುತ್ತದೆ. ಚಿಪ್ಪಿನೊಳಗೆ ಸೇರಿದ ತೇವ ದಿಢೀರನೆ ಆವಿಯಾಗಿ ಪದರಗಳನ್ನೇ ಬಿಡಿಸಬಹುದು. ಆ ಹೊಗೆ ತುಂಬಿದ ಓವನ್ನಿನಲ್ಲಿ ಮತ್ತೆ ಅಡುಗೆ ಮಾಡಬಾರದು.

ಇಷ್ಟೆಲ್ಲಕ್ಕೂ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಸತ್ತ ಕಾರ್ಡುಗಳಲ್ಲಿ ಎಷ್ಟೋ ಸಲ ಸಿಗುವುದು ಶಾರ್ಟ್ ಆದ ಒಂದು ಕೆಪಾಸಿಟರ್, ಸುಟ್ಟ ಫ್ಯೂಸ್ ಅಥವಾ ಮಾಸ್ಫೆಟ್ (ವಿದ್ಯುತ್ತಿನ ಹರಿವನ್ನು ನಿಯಂತ್ರಿಸುವ ಸ್ವಿಚ್ಚಿನಂಥ ಬಿಡಿಭಾಗ). ಅವನ್ನು ಬದಲಿಸಬಹುದು. ಬೋರ್ಡಿನ ಕಡೆಯ ಗುಂಡುಗಳೇ ಬಿರಿದಿದ್ದರೆ ರೀಬಾಲ್ ಮಾಡಬೇಕು: ಕೆಳಗಿನಿಂದಲೂ ಬಿಸಿ ಕೊಟ್ಟು ಚಿಪ್ಪನ್ನು ಎತ್ತಿ, ಹಳೆಯ ಬೆಸುಗೆ ಒರೆಸಿ, ಬೆಸುಗೆ ಚೆನ್ನಾಗಿ ಹಿಡಿಯಲು ಫ್ಲಕ್ಸ್ ಹಚ್ಚಿ, ಜಾಲರಿಯ ಮೂಲಕ ಹೊಸ ಗುಂಡುಗಳನ್ನು ಕೂರಿಸಿ, 240 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಬೆಸೆಯುವುದು. ಒಳಗುಂಡು ಬಿರಿದಿದ್ದರೆ ರೀಬಾಲ್ ಮಾಡಿಯೂ ದುಡ್ಡು ದಂಡ, ಹೊಸ ಚಿಪ್ಪೇ ಬೇಕು.