ಯಾವ ಮರ ಕಡಿಯಬೇಕು, ಯಾವುದನ್ನು ಬಿಡಬೇಕು

ಶಾಲೆಗೆ ತನ್ನದೇ ಕಾಡಿದ್ದರೆ ಅಲ್ಲಿ ಕಾಡಿನ ಆದಾಯದ ಪಾಠ ಒಂದು ಅಳತೆ ಟೇಪಿನಿಂದ ಶುರುವಾಗುತ್ತದೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಎದೆಮಟ್ಟದಲ್ಲಿ, ವಿದ್ಯಾರ್ಥಿ ಕಾಂಡಕ್ಕೆ ಟೇಪು ಸುತ್ತುತ್ತಾಳೆ. 94 ಸೆಂಟಿಮೀಟರ್ ಬಂದರೆ 3.14ರಿಂದ ಭಾಗಿಸಿ, ವ್ಯಾಸ ಸುಮಾರು 30 ಎಂದು ಬರೆದುಕೊಳ್ಳುತ್ತಾಳೆ. ಟೇಪು ಓರೆಯಾದರೆ, ಬೆಳೆಯದ ಮರವೂ ಪುಸ್ತಕದಲ್ಲಿ ಬೆಳೆದುಬಿಡುತ್ತದೆ. ಕೆಲವು ವರ್ಷಗಳ ಬಳಿಕ ಅದೇ ಮರದ ವ್ಯಾಸ 33 ಆಗಿದ್ದರೆ ಹೆಚ್ಚಿದ್ದು ಹತ್ತರಲ್ಲೊಂದು ಪಾಲು ಎನಿಸುತ್ತದೆ, ಆದರೆ ಅಡ್ಡ ಕೊಯ್ದ ಮುಖದ ವಿಸ್ತೀರ್ಣ ಶೇ. 21ರಷ್ಟು ಹೆಚ್ಚಿರುತ್ತದೆ.

ಒಂದು ಕಾಡಿನ ಮರಗಳೆಲ್ಲ ಸೇರಿ ವರ್ಷಕ್ಕೆ ಎಷ್ಟು ಬೆಳೆಯುತ್ತವೆಯೋ ಅದು ಬಡ್ಡಿ, ನಿಂತ ಮರಗಳು ಅಸಲು. ಕಡಿಯುವುದು ಬಡ್ಡಿಯನ್ನು ಮೀರಬಾರದು. ಸ್ಯಾಕ್ಸನಿಯ ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಜ್ ಈ ವಿವೇಕವನ್ನು 1713ರಲ್ಲೇ ಪುಸ್ತಕ ರೂಪದಲ್ಲಿ ವಾದಿಸಿದ್ದ. ಅವನ ಚಿಂತೆ ಹಸಿರಿನದಲ್ಲ. ಬೆಳ್ಳಿ ಕರಗಿಸುವ ಕುಲುಮೆಗಳಿಗೆ ಸೌದೆ ಮುಗಿಯುತ್ತಿತ್ತು.

ಅಸಲನ್ನೇ ತಿಂದು ಮುಗಿಸಿದ ಸೀಮೆಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗವೂ ಒಂದು. ಮರದ ಕಂಪನಿಗಳು ಕಡಿದು ಹೋದ ಮೇಲೆ ಉಳಿದ ಬೊಡ್ಡೆಗಳ ನಡುವೆ ಬೇಸಾಯ ಹಲವರ ಕೈಹಿಡಿಯಲಿಲ್ಲ. ಶಾಲೆಗಳು ಅರಣ್ಯ ಶಿಕ್ಷಣಕ್ಕಾಗಿ ಸ್ವಂತ ಜಮೀನು ಹೊಂದಲು ಅಲ್ಲಿ 1927ರಲ್ಲಿ ಕಾನೂನು ಅವಕಾಶ ಕೊಟ್ಟಿತು. ಮರುವರ್ಷವೇ ಲಯೋನಾ ಮತ್ತು ನೆರೆಯ ಊರುಗಳ ಶಾಲೆಗಳಿಗೆ ತಮ್ಮದೇ ಕಾಡುಗಳಾದವು. ವರ್ಷಕ್ಕೊಮ್ಮೆ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ ಎಂಬುದು ನನ್ನ ಅಭಿಪ್ರಾಯ: ನೆಡುವುದು ಸುಲಭದ ಪಾಠ, ಕಡಿಯುವುದನ್ನು ಕಲಿಸುವುದೇ ಕಷ್ಟದ್ದು.

ಆ ಕಷ್ಟದಲ್ಲಿ ಶಾಲೆಗೆ ಊರು ಬೇಕಾಗುತ್ತದೆ. ಕಡಿಯಬೇಕಾದ ಮರಗಳಿಗೆ ಗುರುತು ಹಾಕಿ ಎಂದರೆ ಮಕ್ಕಳ ಕೈ ಸಹಜವಾಗಿ ದಪ್ಪನೆಯ, ನೇರವಾದ ಮರದತ್ತ ಹೋಗುತ್ತದೆ, ಏಕೆಂದರೆ ದುಡ್ಡು ಬರುವುದು ಅದರಿಂದಲೇ. ಕಾಡಿನಲ್ಲೇ ದುಡಿದು ಬದುಕಿದವರು ಮೊದಲು ತಲೆಯೆತ್ತಿ ನೆತ್ತಿಯ ಹರವು ನೋಡುತ್ತಾರೆ, ಆಮೇಲೆ ಕಾಂಡದಲ್ಲಿ ಬಿರುಕು, ಕೊಳೆತ, ಅಣಬೆಗಳನ್ನು ಹುಡುಕುತ್ತಾರೆ. ಒಳ್ಳೆಯ ಮರವನ್ನಷ್ಟೇ ತೆಗೆಯುತ್ತ ಹೋದರೆ ಬೀಜ ಉದುರಿಸಲು ಸೊಟ್ಟ ಮತ್ತು ರೋಗಿಷ್ಠ ಮರಗಳೇ ಉಳಿಯುತ್ತವೆ. ಸೊಟ್ಟತನವೆಲ್ಲ ವಂಶದಿಂದ ಬರುವುದಿಲ್ಲ, ಎಳೆಯದಿದ್ದಾಗ ಜಿಂಕೆ ಚಿಗುರು ಮೇಯ್ದಿದ್ದರಿಂದಲೂ ಬರಬಹುದು. ಆದರೂ ದೂರದಿಂದ ಹಸಿರಾಗಿಯೇ ಕಾಣುವ ಅಂಥ ಕಾಡು ಗರಗಸದ ಕಾರ್ಖಾನೆಗೆ ಹೆಚ್ಚೇನೂ ಕೊಡಲಾರದು.

ಸರಿಯಾಗಿ ಕಡಿದರೆ ಉಳಿದ ಮರಕ್ಕೆ ಏನು ಸಿಗುತ್ತದೆ ಎಂಬುದಕ್ಕೆ ಸಾಕ್ಷಿ ಬೊಡ್ಡೆಯ ಮೇಲಿರುತ್ತದೆ. ಋತುಗಳು ಸ್ಪಷ್ಟವಾಗಿರುವ ನಾಡುಗಳಲ್ಲಿ ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ. ತೊಗಟೆಯಿಂದ ಒಳಕ್ಕೆ, ಅಂದರೆ ಈಚಿನ ವರ್ಷಗಳಿಂದ ಹಿಂದಿನ ವರ್ಷಗಳತ್ತ, ಬೆರಳಿಟ್ಟು ಎಣಿಸುತ್ತ ಹೋದ ವಿದ್ಯಾರ್ಥಿಗೆ ಅಗಲವಾದ ಉಂಗುರಗಳು ಒಂದು ಕಡೆ ಥಟ್ಟನೆ ಕೂದಲೆಳೆಯಷ್ಟು ಸಪೂರವಾಗುವುದು ಕಾಣುತ್ತದೆ. ಆ ವರ್ಷ ಪಕ್ಕದ ಮರಗಳನ್ನು ಕಡಿದು ಬೆಳಕು ಬಿಟ್ಟವರು ಯಾರು ಎಂಬುದನ್ನು ಊರಿನ ಹಿರಿಯರು ಹೇಳಬಲ್ಲರು.