ಐದು ಹೆಸರು, ಎಂಟು ಅಂಕ: ಸಂಶೋಧನಾ ಲೇಖನ ನಿಜಕ್ಕೂ ಯಾರದು?

ಮಂಗನ ಕಾಯಿಲೆ ಹರಡುವ ಉಣುಗುಗಳ ಬಗ್ಗೆ ತೀರ್ಥಹಳ್ಳಿ ಸೀಮೆಯಲ್ಲಿ ಒಂದು ಅಧ್ಯಯನ ನಡೆದಿದೆ ಎಂದಿಟ್ಟುಕೊಳ್ಳೋಣ. ಚಳಿ ಶುರುವಾಗಿ ಮರಿ ಉಣುಗುಗಳು ಏಳುವ ಹೊತ್ತಿಗೆ, ಕಾಡಂಚಿನ ದರಗಿನ (ಉದುರಿದ ಒಣ ಎಲೆಗಳ) ಮೇಲೆ ಬಿಳಿ ಫ್ಲಾನೆಲ್ ಬಟ್ಟೆಯನ್ನು ನಿಧಾನಕ್ಕೆ ಎಳೆಯುತ್ತಾ ಹೋಗಬೇಕು. ನಡುನಡುವೆ ನಿಂತು ಬಟ್ಟೆ ಮಗುಚಿ, ಅಂಟಿಕೊಂಡಿದ್ದನ್ನು ಚಿಮುಟದಲ್ಲಿ ಹೆಕ್ಕಿ ಸೀಸೆಗೆ ಹಾಕಬೇಕು. ಸೀಸೆಯ ಚೀಟಿಯ ಮೇಲೆ ಊರು, ದಿನಾಂಕ, ಬಟ್ಟೆ ಎಳೆದ ಸಮಯ ಬರೆಯಬೇಕು. ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಜಾತಿ ಗುರುತಿಸಿ, ಒಂದೇ ಊರಿನ ಒಂದೇ ಜಾತಿಯವನ್ನು ಗುಂಪು ಮಾಡಿ, ವೈರಸ್ ಇದೆಯೇ ಎಂದು ಆರ್‌ಟಿ-ಪಿಸಿಆರ್ ಮಾಡಬೇಕು. ಕೊನೆಗೆ ಅಂಕಿಅಂಶ, ನಕ್ಷೆ, ಇಂಗ್ಲಿಷಿನಲ್ಲಿ ಒಂದು ಲೇಖನ.

ಬಟ್ಟೆ ಎಲ್ಲಿ ಎಳೆಯಬೇಕೆಂದು ತೋರಿಸಿ ಜೊತೆಗೆ ನಡೆದವರು ಅರಣ್ಯ ಇಲಾಖೆಯ ವಾಚರ್. ಹೆಕ್ಕಿ, ವಿಂಗಡಿಸಿ, ಬರೆದವಳು ಪಿಎಚ್‌ಡಿ ವಿದ್ಯಾರ್ಥಿನಿ. ಪಿಸಿಆರ್ ನಡೆಸಿದವರು ಲ್ಯಾಬ್ ಟೆಕ್ನೀಷಿಯನ್. ಲೆಕ್ಕ ಹಾಕಿಕೊಟ್ಟವರು ಸಂಖ್ಯಾಶಾಸ್ತ್ರದ ಮೇಷ್ಟ್ರು. ಪ್ರಶ್ನೆ ಹುಟ್ಟಿದ್ದು ಅವಳ ಸಂಶೋಧನೆಯ ಗೈಡ್ ತಲೆಯಲ್ಲಿ. ಹಣದ ಕಡತಕ್ಕೆ ಸಹಿ ಹಾಕಿದವರು ವಿಭಾಗದ ಮುಖ್ಯಸ್ಥರು. ಲೇಖನ ಅಚ್ಚಾದಾಗ ಅದರ ಮೇಲೆ ಐದು ಹೆಸರಿವೆ: ವಿದ್ಯಾರ್ಥಿನಿ, ಟೆಕ್ನೀಷಿಯನ್, ಸಂಖ್ಯಾಶಾಸ್ತ್ರದವರು, ಮುಖ್ಯಸ್ಥರು, ಕೊನೆಗೆ ಗೈಡ್. ವಾಚರ್ ಹೆಸರು ಕೃತಜ್ಞತೆಯ ಸಾಲಿನಲ್ಲೂ ಇಲ್ಲ. ಅಲ್ಲಿರುವುದು ‘ಅರಣ್ಯ ಇಲಾಖೆಗೆ ವಂದನೆಗಳು’ ಎಂದಷ್ಟೇ. ಉದಾಹರಣೆ ಕಲ್ಪಿತ, ಆದರೆ ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿ ಓಡಾಡಿದವರಿಗೆ ಇದು ಹೊಸದೆನಿಸದು.

ವೈದ್ಯಕೀಯ ಪತ್ರಿಕೆಗಳಲ್ಲಿ ಇದಕ್ಕೆ ಬರೆದಿಟ್ಟ ನಿಯಮವಿದೆ. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಕೆಲವು ಸಂಪಾದಕರ ಗುಂಪು ಮುಂದೆ ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾಯಿತು. ಅದರ ಪ್ರಕಾರ ಲೇಖಕ ಎನಿಸಿಕೊಳ್ಳಲು ನಾಲ್ಕು ಷರತ್ತು, ನಾಲ್ಕೂ ಪೂರೈಸಬೇಕು. ಅಧ್ಯಯನದ ಯೋಜನೆಯಲ್ಲೋ, ಮಾಹಿತಿ ಸಂಗ್ರಹದಲ್ಲೋ, ಅದರ ವಿಶ್ಲೇಷಣೆಯಲ್ಲೋ ಗಣನೀಯ ಪಾಲಿರಬೇಕು. ಕರಡು ಬರೆದಿರಬೇಕು ಇಲ್ಲವೇ ಅದನ್ನು ಒರೆಗೆ ಹಚ್ಚಿ ತಿದ್ದಿರಬೇಕು. ಅಚ್ಚಿಗೆ ಹೋಗುವ ರೂಪವನ್ನು ಒಪ್ಪಿರಬೇಕು. ನಾಲ್ಕನೆಯದು 2013ರಲ್ಲಿ ಸೇರಿದ್ದು: ಲೇಖನದ ಯಾವ ಭಾಗದ ಬಗ್ಗೆ ಪ್ರಶ್ನೆ ಎದ್ದರೂ ಅದಕ್ಕೆ ಉತ್ತರ ಸಿಗುವಂತೆ ನೋಡಿಕೊಳ್ಳುವ ಹೊಣೆ ಹೊರಬೇಕು. ಹಣ ತಂದದ್ದು, ವಿಭಾಗದ ಒಟ್ಟಾರೆ ಮೇಲ್ವಿಚಾರಣೆ ಮಾಡಿದ್ದು ಇವಿಷ್ಟರಿಂದಲೇ ಲೇಖಕರಾಗುವುದಿಲ್ಲ ಎಂದು ಸಮಿತಿ ನೇರವಾಗಿ ಹೇಳುತ್ತದೆ. ಅಂದರೆ ಸಹಿ ಹಾಕಿದ್ದಷ್ಟೇ ಕೆಲಸವಾಗಿದ್ದರೆ ಮುಖ್ಯಸ್ಥರ ಜಾಗ ಕೃತಜ್ಞತೆಯ ಸಾಲು.

ಟೆಕ್ನೀಷಿಯನ್ ವಿಷಯದಲ್ಲಿ ಈ ನಿಯಮವನ್ನು ತಲೆಕೆಳಗಾಗಿ ಓದುವವರು ಬಹಳ. ‘ಅವರು ಕರಡು ಬರೆದಿಲ್ಲ, ಆದ್ದರಿಂದ ಲೇಖಕರಲ್ಲ’ ಎಂದು ಕೈತೊಳೆದುಕೊಳ್ಳುತ್ತಾರೆ. ಸಮಿತಿ ಹೇಳುವುದು ಬೇರೆ. ಮೊದಲ ಷರತ್ತು ಪೂರೈಸಿದವರಿಗೆ ಕರಡು ಓದಿ ತಿದ್ದುವ, ಒಪ್ಪಿಗೆ ಕೊಡುವ ಅವಕಾಶವನ್ನು ಕೊಡಲೇಬೇಕು. ಅವಕಾಶ ಕೊಡದೆ, ಅದನ್ನೇ ನೆಪ ಮಾಡಿ ಹೊರಗಿಡುವಂತಿಲ್ಲ. ಹೇಳಿದ ಪರೀಕ್ಷೆಯನ್ನು ಹೇಳಿದಂತೆ ಮಾಡಿಕೊಟ್ಟದ್ದು ಸೇವೆ. ಫಲಿತಾಂಶ ಅನುಮಾನಾಸ್ಪದವೆನಿಸಿದಾಗ ಮಾದರಿ ಕಲುಷಿತವಾಗಿದೆಯೇ ಎಂದು ತಾವೇ ಪತ್ತೆ ಹಚ್ಚಿ, ವಿಧಾನ ಬದಲಿಸಿದ್ದರೆ ಅದು ಸಂಶೋಧನೆ.

ವಾಚರ್ ವಿಷಯ ಇನ್ನೂ ಸೂಕ್ಷ್ಮ. ಸೋಂಕು ತಗುಲಿದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರುತ್ತವೆ; ಆ ಜಾಗ ಕಾಯಿಲೆಯ ತಾಣವಾಗುತ್ತದೆ. ಯಾವ ಕಾನಿನ (ದಟ್ಟ ಕಾಡಿನ) ಯಾವ ಮಗ್ಗುಲಲ್ಲಿ ಮಂಗ ಬಿದ್ದಿತ್ತು, ದನ ಯಾವ ದಾರಿಯಲ್ಲಿ ಮೇಯಲು ಹೋಗುತ್ತವೆ, ದರಗು ಗುಡಿಸುವವರು ಎಲ್ಲಿಗೆ ಬರುತ್ತಾರೆ ಎನ್ನುವುದು ಪುಸ್ತಕದಲ್ಲಿಲ್ಲ. ಅದನ್ನು ನೋಡಿಕೊಂಡೇ ಮಾದರಿಯ ಜಾಗಗಳನ್ನು ಆರಿಸಿದ್ದರೆ ಅದು ದಾರಿ ತೋರಿಸಿದ್ದಲ್ಲ, ಅಧ್ಯಯನದ ವಿನ್ಯಾಸದಲ್ಲೇ ಪಾಲು. ಅವರಿಗೆ ಇಂಗ್ಲಿಷ್ ಬಾರದು ಎಂಬುದು ಎರಡನೆಯ ಷರತ್ತಿಗೆ ಅಡ್ಡಿ ಎನ್ನುವವರುಂಟು. ಈ ಮಾತನ್ನು ಒಪ್ಪಲಾಗದು. ನಕ್ಷೆ ಹರವಿಕೊಂಡು, ಫಲಿತಾಂಶವನ್ನು ಕನ್ನಡದಲ್ಲಿ ಓದಿ ಹೇಳಿದರೆ, ‘ಇದು ಆ ಕಾನಲ್ಲ ಮಾರಾಯ್ರೆ, ಹಳ್ಳದ ಆಚೆಯದು’ ಎಂದು ಅವರು ತೋರಿಸುವ ತಪ್ಪು ಯಾವ ಪರಿಶೀಲಕರ ಕಣ್ಣಿಗೂ ಬೀಳುವಂಥದ್ದಲ್ಲ. ಒರೆಗೆ ಹಚ್ಚುವುದು ಎಂದರೆ ಇದೇ.

ಇನ್ನು ಹೆಸರುಗಳ ಸರದಿ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೈಯಾರೆ ದುಡಿದವರದು, ಕೊನೆಯದು ಗೈಡ್‌ದು, ನಡುವಿನವು ಪಾಲು ಇಳಿದಂತೆ. ಗಣಿತದಲ್ಲಿ ಅಕ್ಷರಾನುಕ್ರಮವೇ ವಾಡಿಕೆ, ಅರ್ಥಶಾಸ್ತ್ರದಲ್ಲೂ ಬಹುಮಟ್ಟಿಗೆ ಹಾಗೆಯೇ. ಅಲ್ಲಿ ಮೊದಲ ಹೆಸರಿಗೆ ವಿಶೇಷ ತೂಕವಿಲ್ಲ. ಕಣ ಭೌತವಿಜ್ಞಾನದ ಲೋಕವೇ ಬೇರೆ: ಹಿಗ್ಸ್ ಬೋಸಾನ್ ಎಂಬ ಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಯುರೋಪಿನ ಸರ್ನ್ ಪ್ರಯೋಗಾಲಯದ ಎರಡು ತಂಡಗಳು ಸೇರಿ ಪ್ರಕಟಿಸಿದ ಲೇಖನಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಹೆಸರು ಮತ್ತು ಸಂಸ್ಥೆಗಳ ಪಟ್ಟಿಗೇ ಹೋಗಿವೆ. ನೇಮಕಾತಿ ಸಮಿತಿಯಲ್ಲಿ ಸಸ್ಯಶಾಸ್ತ್ರದವರು ಗಣಿತದವರ ಪಟ್ಟಿಯನ್ನು ತಮ್ಮ ವಾಡಿಕೆಯಲ್ಲಿ ಓದಿದರೆ, ಇಂಗ್ಲಿಷ್ ಅಕ್ಷರಮಾಲೆಯ ಕೊನೆಯಲ್ಲಿ ಹೆಸರಿರುವ ಪಾಪದವರಿಗೆ ಅನ್ಯಾಯವಾಗುತ್ತದೆ.

ಈಗ ಅಳತೆಗೆ ಬರೋಣ. ಅತಿ ಸುಲಭದ ದಾರಿ, ಲೇಖನದಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಪೂರ್ತಿ ಒಂದು ಲೇಖನದ ಶ್ರೇಯ ಕೊಡುವುದು. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಮುಂದಿಟ್ಟ ಎಚ್-ಸೂಚ್ಯಂಕ ನಡೆಯುವುದು ಹೀಗೆಯೇ. ತಲಾ 20 ಬಾರಿಯಾದರೂ ಉಲ್ಲೇಖಗೊಂಡ 20 ಲೇಖನಗಳಿದ್ದರೆ ಸೂಚ್ಯಂಕ 20. ಆ ಲೇಖನಗಳನ್ನು ಒಬ್ಬರೇ ಬರೆದರೋ, ಐದು ಸಾವಿರ ಜನರಲ್ಲಿ ಒಬ್ಬರಾಗಿ ಬರೆದರೋ ಅದಕ್ಕೆ ಗೊತ್ತಾಗುವುದಿಲ್ಲ.

ಎರಡನೆಯ ದಾರಿ ಒಂದನ್ನು ಸಮನಾಗಿ ಹಂಚುವುದು. ಐವರಿದ್ದರೆ ತಲಾ 20 ಶೇಕಡಾ. ವಿಶ್ವವಿದ್ಯಾಲಯಗಳ ಲೈಡನ್ ರ‍್ಯಾಂಕಿಂಗ್ ಇಂಥ ಭಾಗಶಃ ಎಣಿಕೆಯನ್ನು ಬಳಸುತ್ತದೆ. ಇಲ್ಲಿ ಹೆಸರು ಸೇರಿಸುವುದಕ್ಕೆ ಬೆಲೆ ತೆರಬೇಕು: ನಾಲ್ವರಿದ್ದಾಗ ಸಿಗುತ್ತಿದ್ದ 25 ಶೇಕಡಾ ಮುಖ್ಯಸ್ಥರನ್ನು ಸೇರಿಸಿದ ಕೂಡಲೇ 20ಕ್ಕೆ ಇಳಿಯುತ್ತದೆ. ಆದರೆ ವಿದ್ಯಾರ್ಥಿನಿಗೂ ಮುಖ್ಯಸ್ಥರಿಗೂ ಒಂದೇ ಪಾಲು ಎನ್ನುವುದು ಸರಿ ಕಾಣುವುದಿಲ್ಲ.

ಅದಕ್ಕಾಗಿ ಹರಾತ್ಮಕ ಎಣಿಕೆ ಬಂತು. ಸರದಿಯ ಸಂಖ್ಯೆಯಿಂದ ಒಂದನ್ನು ಭಾಗಿಸಬೇಕು: 1, ½, ⅓, ¼, ⅕. ಒಟ್ಟು 2.283. ಪ್ರತಿಯೊಂದನ್ನೂ ಈ ಮೊತ್ತದಿಂದ ಭಾಗಿಸಿದರೆ ಐವರ ಪಾಲು ಕ್ರಮವಾಗಿ 43.8, 21.9, 14.6, 10.9, 8.8 ಶೇಕಡಾ. ದುಡಿದವರಿಗೆ ದೊಡ್ಡ ಪಾಲು ಬಂತು, ಸರಿ. ಆದರೆ ಇಡೀ ಅಧ್ಯಯನ ಕಟ್ಟಿದ ಗೈಡ್‌ಗೆ 8.8, ಸಹಿ ಹಾಕಿದವರಿಗೆ 10.9! ಇದನ್ನು ಸರಿಪಡಿಸಲು ಮೊದಲ ಎರಡು ಪಾಲನ್ನು ಕೂಡಿಸಿ ಮೊದಲ ಮತ್ತು ಕೊನೆಯ ಲೇಖಕರಿಗೆ ಸಮನಾಗಿ ಕೊಡುವ ರೂಪವೂ ಇದೆ. ಆಗ ಇಬ್ಬರಿಗೂ ಸುಮಾರು 32.8 ಬರುತ್ತದೆ. ಅದು ಗಣಿತದ ಲೇಖನಕ್ಕೆ ಹೊಂದದು. ಪಾಲನ್ನು ಹೆಸರಿನ ಸ್ಥಾನದಿಂದ ಊಹಿಸುವ ಯಾವ ಸೂತ್ರಕ್ಕೂ ಈ ಕೊರತೆ ತಪ್ಪದು.

ನಮ್ಮ ಅಧ್ಯಾಪಕರ ಬದುಕಿಗೆ ನೇರವಾಗಿ ತಟ್ಟುವುದು ನೇಮಕ, ಬಡ್ತಿಗೆ ಬಳಸುವ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಲೆಕ್ಕ. 2018ರ ನಿಯಮದಂತೆ ವಿಜ್ಞಾನ ವಿಭಾಗದಲ್ಲಿ ಒಂದು ಲೇಖನಕ್ಕೆ 8 ಅಂಕ, ಅದರ ಮೇಲೆ ಪತ್ರಿಕೆಯ ಪ್ರಭಾವಕ್ಕೆ ತಕ್ಕ ಹೆಚ್ಚುವರಿ. ಇಬ್ಬರೇ ಲೇಖಕರಾದರೆ ಇಬ್ಬರಿಗೂ 70 ಶೇಕಡಾ. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಅಥವಾ ಪ್ರಧಾನ ಅಥವಾ ಪತ್ರವ್ಯವಹಾರದ ಲೇಖಕರಿಗೆ 70, ಉಳಿದ ಪ್ರತಿಯೊಬ್ಬರಿಗೂ 30. ಹೆಚ್ಚುವರಿ ಬದಿಗಿಟ್ಟು, 70ರ ಪಾಲು ಒಬ್ಬರಿಗೇ ಎಂದು ಹಿಡಿದು ನಮ್ಮ ಲೇಖನಕ್ಕೆ ಲೆಕ್ಕ ಹಾಕಿ. ವಿದ್ಯಾರ್ಥಿನಿಗೆ 5.6, ಉಳಿದ ನಾಲ್ವರಿಗೆ ತಲಾ 2.4. ಒಟ್ಟು 15.2. ಎಂಟು ಅಂಕದ ಲೇಖನ ಹದಿನೈದು ಚಿಲ್ಲರೆ ಅಂಕ ಹಂಚಿತು. ಮುಖ್ಯಸ್ಥರನ್ನು ಬಿಟ್ಟು ನಾಲ್ವರೇ ಇದ್ದರೂ ವಿದ್ಯಾರ್ಥಿನಿಗೆ 5.6, ಉಳಿದವರಿಗೆ 2.4. ಅಂದರೆ ಮೂರು ಹೆಸರಾದ ಮೇಲೆ ಇನ್ನೊಂದು ಹೆಸರು ತುರುಕಿದರೆ ಯಾರ ಗಂಟೂ ಹೋಗುವುದಿಲ್ಲ. ಉಡುಗೊರೆ ಲೇಖಕತ್ವ ಎಂದು ಕರೆಯುವ ಪಿಡುಗಿಗೆ ಜನರ ದಾಕ್ಷಿಣ್ಯ ಒಂದು ಕಾರಣವಾದರೆ ಇಂಥ ಲೆಕ್ಕ ಇನ್ನೊಂದು. ‘ಸರ್ ಹೆಸರು ಹಾಕದಿದ್ದರೆ ಹೇಗೆ’ ಎಂಬ ಹಿಂಜರಿಕೆಯನ್ನು ಮೀರಲು ವಿದ್ಯಾರ್ಥಿಗೆ ನಿಯಮದ ಬೆಂಬಲ ಬೇಕು. ನಿಯಮವೇ ಪರವಾಗಿಲ್ಲ ಎನ್ನುತ್ತಿದೆ.

ಎಣಿಸುವ ಮೊದಲು ಹೆಸರು ಯಾರದೆಂದು ಗೊತ್ತಾಗಬೇಕಲ್ಲ. ಕನ್ನಡಿಗರ ಹೆಸರು ಇಲ್ಲಿ ತುಂಬಾ ತೊಂದರೆ ಕೊಡುತ್ತದೆ. ಕೆ. ಎನ್. ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕೆ ಊರು, ಎನ್ ತಂದೆ, ಮಂಜುನಾಥ ಸ್ವಂತ ಹೆಸರು. ಮನೆತನದ ಹೆಸರೇ ಇಲ್ಲ. ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಂಥ ಸಂಶೋಧನಾ ಲೇಖನಗಳ ದತ್ತಸಂಚಯಗಳು ಕೊನೆಯ ಪದವನ್ನು ಮನೆತನದ ಹೆಸರೆಂದು ಹಿಡಿಯುತ್ತವೆ. ಒಂದು ಪತ್ರಿಕೆಯ ಫಾರಂ ಇನಿಷಿಯಲ್ ಒಪ್ಪದೆ ಊರಿನ ಹೆಸರನ್ನು ಬಿಡಿಸಿ ಬರೆಸುತ್ತದೆ. ಇನ್ನೊಂದರಲ್ಲಿ ಮಂಜುನಾಥ್ ಎಂದಾಗುತ್ತದೆ. ಮೂರನೆಯದರಲ್ಲಿ ‘ಎನ್’ ಮನೆತನದ ಹೆಸರಾಗಿ ಕೂರುತ್ತದೆ. ಒಬ್ಬರೇ ಮೂವರಾದರು. ಮತ್ತೊಂದು ಕಡೆ ಇಬ್ಬರು ಬೇರೆ ಬೇರೆ ಮಂಜುನಾಥರು ಒಂದೇ ಖಾತೆಯಲ್ಲಿ ಬೆರೆಯುತ್ತಾರೆ. ಮದುವೆಯಾದ ಮೇಲೆ ಇನಿಷಿಯಲ್ ಬದಲಿಸಿದ ಮಹಿಳೆಯರ ಹಳೆಯ ಲೇಖನಗಳು ಬೇರೆ ಯಾರದೋ ಎನ್ನುವಂತೆ ಉಳಿದುಬಿಡುತ್ತವೆ. ಊರಿನದೂ ಇದೇ ಪಾಡು: 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಶಿವಮೊಗ್ಗ ಎಂದಾಯಿತು, ಹಳೆಯ ವಿಳಾಸಗಳಲ್ಲಿ ಶಿಮೊಗಾ ಉಳಿದಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವಿಳಾಸದಲ್ಲಿ ಜ್ಞಾನ ಸಹ್ಯಾದ್ರಿ ಎಂಬುದನ್ನು ಕೆಲವರು ಒಂದೇ ಪದವಾಗಿ, ಕೆಲವರು ಎರಡಾಗಿ ಬರೆಯುತ್ತಾರೆ.

ಇದಕ್ಕೆ ಇರುವ ಒಳ್ಳೆಯ ಮದ್ದು, ಪ್ರತಿ ಸಂಶೋಧಕರನ್ನೂ ಪ್ರತ್ಯೇಕವಾಗಿ ಗುರುತಿಸುವ ಆರ್ಕಿಡ್ (ORCID) ಸಂಖ್ಯೆ. 2012ರ ಅಕ್ಟೋಬರಿನಲ್ಲಿ ಆರಂಭವಾದ ಇದು ಸಂಶೋಧಕರಿಗೆ ಉಚಿತ. 16 ಅಂಕೆ, ನಾಲ್ಕು ನಾಲ್ಕರ ಗುಂಪು. ಕೊನೆಯದು ಉಳಿದ ಹದಿನೈದರಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕೆ, ಹಾಗಾಗಿ ಒಂದಂಕೆ ತಪ್ಪಾಗಿ ಒತ್ತಿದರೆ ಗಣಕ ಹಿಡಿಯುತ್ತದೆ. ಲೆಕ್ಕ ಹತ್ತು ಬಂದರೆ ಆ ಜಾಗದಲ್ಲಿ ‘ಎಕ್ಸ್’ ಇರುತ್ತದೆ. ಅದನ್ನು ಅಚ್ಚಿನ ದೋಷವೆಂದು ತೆಗೆದುಹಾಕಬಾರದು. ಎಂಎಸ್ಸಿ ಮುಗಿಸುವಾಗಲೇ ಸಂಖ್ಯೆ ಪಡೆದು, ಹೆಸರಿನ ಒಂದೇ ರೂಪವನ್ನು ಆರಿಸಿ ಕೊನೆಯವರೆಗೂ ಅದನ್ನೇ ಬಳಸುವುದು ಕ್ಷೇಮ.

ಸ್ಥಾನದಿಂದ ಪಾಲು ಊಹಿಸುವ ಬದಲು ಪಾಲನ್ನೇ ಬರೆದಿಡುವ ಕ್ರೆಡಿಟ್ ಎಂಬ ಪಟ್ಟಿ 2014ರಲ್ಲಿ ಬಂತು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನದಂಡವೂ ಆಯಿತು. ಅದರಲ್ಲಿ 14 ಪಾತ್ರಗಳಿವೆ: ಪರಿಕಲ್ಪನೆ, ವಿಧಾನ, ಮಾಹಿತಿ ಸಂಗ್ರಹ ಮತ್ತು ಪ್ರಯೋಗ, ವಿಶ್ಲೇಷಣೆ, ಮೇಲ್ವಿಚಾರಣೆ, ಹಣ ತರುವುದು, ಮೊದಲ ಕರಡು, ತಿದ್ದುಪಡಿ ಇತ್ಯಾದಿ. ನಮ್ಮ ಐವರ ಮುಂದೆ ಈ ಪಟ್ಟಿ ಇಟ್ಟರೆ ಮುಖ್ಯಸ್ಥರ ಹೆಸರಿನ ಎದುರು ‘ಯೋಜನೆಯ ಆಡಳಿತ’ ಒಂದೇ ಉಳಿಯುತ್ತದೆ, ಓದುಗರೇ ನೋಡಿಕೊಳ್ಳುತ್ತಾರೆ. ಎಲ್ಲ ಲೇಖಕರಿಗೂ ಎಲ್ಲ ಪಾತ್ರ ಎಂದು ಕಣ್ಣುಮುಚ್ಚಿ ಟಿಕ್ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಪಟ್ಟಿ ಇದ್ದೂ ಇಲ್ಲದಂತೆ. ಸ್ಥಳೀಯ ತಿಳಿವಳಿಕೆಗೆ ಇದರಲ್ಲೂ ಪ್ರತ್ಯೇಕ ಜಾಗವಿಲ್ಲ, ‘ವಿಧಾನ’ದಲ್ಲೋ ‘ಮಾಹಿತಿ ಸಂಗ್ರಹ’ದಲ್ಲೋ ಸೇರಿಸಬೇಕು.

ಜೀವಿಗಳಿಗೆ ಹೆಸರಿಡುವ ಶಾಸ್ತ್ರದಲ್ಲಿ ಮಾತ್ರ ಲೇಖಕರು ಜೀವಿಯ ಹೆಸರಿಗೇ ಅಂಟಿಕೊಳ್ಳುತ್ತಾರೆ. ಮೊಟ್ಟೆಗಳಿಗೆ ಕೆಸರು ಮೆತ್ತುವ, ನಮ್ಮ ಘಟ್ಟದ ಕುಂಬಾರ ಕಪ್ಪೆಯ ವೈಜ್ಞಾನಿಕ ಹೆಸರು ನಿಕ್ಟಿಬ್ಯಾಟ್ರಕಸ್ ಕುಂಬಾರ. ಪೂರ್ತಿ ಬರೆಯುವಾಗ ಅದರ ಹಿಂದೆ ಗುರುರಾಜ, ದಿನೇಶ್, ಪ್ರೀತಿ ಮತ್ತು ರವಿಕಾಂತ್, 2014 ಎಂದು ಬರುತ್ತದೆ. ನೂರು ವರ್ಷ ಕಳೆದು ಕಪ್ಪೆಯನ್ನು ಬೇರೆ ಕುಲಕ್ಕೆ ಸೇರಿಸಿದರೂ ಆ ಹೆಸರುಗಳು ಬಿಡುವುದಿಲ್ಲ, ಆವರಣದೊಳಗೆ ಹೋಗುತ್ತವೆ ಅಷ್ಟೇ. ಹಾಗಿರುವಾಗ ಯಾರನ್ನು ಸೇರಿಸಬೇಕು ಎಂಬ ತೀರ್ಮಾನ ಇಲ್ಲಿ ಇನ್ನಷ್ಟು ಭಾರದ್ದು.

ಮಂಗನ ಕಾಯಿಲೆಯ, ಅಂದರೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಾಯಿಲೆಯ, ಲಕ್ಷಣಗಳನ್ನು ವಿವರಿಸಿದ 1957ರ ವರದಿಯ ಮೇಲೆ ಅಮೆರಿಕದ ವರ್ಕ್ ಮತ್ತು ಟ್ರಾಪಿಡೊ ಅವರ ಹಿಂದೆಯೇ ನರಸಿಂಹಮೂರ್ತಿ, ಲಕ್ಷ್ಮಣರಾವ್, ಭಟ್, ಕುಲಕರ್ಣಿ ಎಂಬ ಹೆಸರುಗಳಿವೆ. ಅವು ಅಲ್ಲಿ ಇಲ್ಲದಿದ್ದರೆ ಆ ಪತ್ತೆಯಲ್ಲಿ ಇಲ್ಲಿಯವರೂ ಇದ್ದರು ಎಂದು ಇಂದು ತೋರಿಸುವುದು ಕಷ್ಟವಾಗುತ್ತಿತ್ತು.

ಕರಡು ತಿದ್ದಲು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಬಳಸುವುದು ಈಗ ಮಾಮೂಲು. ಅದನ್ನು ಲೇಖಕರ ಪಟ್ಟಿಗೆ ಸೇರಿಸುವಂತಿಲ್ಲ ಎಂದು ಸಂಪಾದಕರ ಸಮಿತಿ 2023ರಲ್ಲಿ ಸ್ಪಷ್ಟಪಡಿಸಿತು. ಕಾರಣ ಮೇಲಿನ ನಾಲ್ಕನೆಯ ಷರತ್ತೇ: ಯಂತ್ರ ಹೊಣೆ ಹೊರಲಾರದು. ಬಳಸಿದ್ದನ್ನು ಲೇಖನದಲ್ಲಿ ಹೇಳಬೇಕು.

ಲೇಖನ ಕಳಿಸಿದ ಮೇಲೆ ಹೆಸರು ಸೇರಿಸುವುದು, ತೆಗೆಯುವುದು ದೊಡ್ಡ ತಲೆನೋವು. ಸಂಪಾದಕರು ಕಾರಣ ಕೇಳುತ್ತಾರೆ. ಪಟ್ಟಿಯಲ್ಲಿರುವ ಎಲ್ಲರ ಸಹಿಯ ಜೊತೆಗೆ ಹೊಸದಾಗಿ ಸೇರುವವರ ಅಥವಾ ಹೊರಹೋಗುವವರ ಸಹಿಯೂ ಬೇಕು. ಆದ್ದರಿಂದ ಕಾಡಿಗೆ ಇಳಿಯುವ ಮೊದಲೇ ಒಂದು ಹಾಳೆಯಲ್ಲಿ, ಕನ್ನಡದಲ್ಲೇ, ಯಾರು ಏನು ಮಾಡುತ್ತಾರೆ, ಯಾವ ಕೆಲಸ ಮಾಡಿದರೆ ಹೆಸರು ಬರುತ್ತದೆ ಎಂದು ಬರೆದು ದಿನಾಂಕ ಹಾಕಿ ಎಲ್ಲರೂ ಸಹಿ ಮಾಡಬೇಕು. ಮಾದರಿ ಸಂಗ್ರಹ ಮುಗಿದಾಗ ಒಮ್ಮೆ, ಕರಡು ಸಿದ್ಧವಾದಾಗ ಇನ್ನೊಮ್ಮೆ ಅದನ್ನು ತಿದ್ದಬೇಕು, ಯಾಕೆಂದರೆ ಕೆಲಸ ಅಂದುಕೊಂಡಂತೆ ಸಾಗುವುದಿಲ್ಲ. ಕೃತಜ್ಞತೆಯಲ್ಲಿ ಬರುವವರಿಂದಲೂ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಹೆಸರು ಕಂಡ ಓದುಗರು ಅವರೂ ಫಲಿತಾಂಶವನ್ನು ಒಪ್ಪಿದ್ದಾರೆ ಎಂದುಕೊಳ್ಳುವ ಸಂಭವವಿದೆ. ವಾಚರ್ ಸಹಿಯೂ ಆ ಹಾಳೆಯಲ್ಲಿರಲಿ, ಒಂದು ಪ್ರತಿ ಅವರ ಕೈಯಲ್ಲೂ ಇರಲಿ.