ಕಾಲ-ದೇಶ ಸಂಕುಚನ: ಕುಗ್ಗಿದ್ದು ಯಾವ ದೇಶ?

ಎಂಎ ಸಮಾಜಶಾಸ್ತ್ರದ ಜಾಗತೀಕರಣ ಪೇಪರ್ ಓದುವಾಗ ಒಂದೇ ಪದ ನನ್ನನ್ನು ಎರಡು ವಾರ ಕಾಡಿತು. ಮತ್ತೆ ಮರೆಯುವ ಮೊದಲು ಬರೆದಿಡುತ್ತಿದ್ದೇನೆ. 1991ರ ಹೊಸ ಆರ್ಥಿಕ ನೀತಿ, ಉದಾರೀಕರಣ, ಖಾಸಗೀಕರಣ ಎಲ್ಲ ಪಿಯುಸಿಯಿಂದ ಓದಿದ್ದೇ, ಅದನ್ನು ಬಿಡೋಣ.

ಆ ಪದ ಕಾಲ-ದೇಶ ಸಂಕುಚನ. ಭೂಗೋಳಶಾಸ್ತ್ರಜ್ಞ ಡೇವಿಡ್ ಹಾರ್ವೆ 1989ರಲ್ಲಿ ಮಂಡಿಸಿದ್ದು, ಇಂಗ್ಲಿಷಿನಲ್ಲಿ time-space compression. ‘ದೇಶ ಕುಗ್ಗುತ್ತದೆ’ ಎಂದರೆ ಭಾರತದಂಥ ದೇಶದ ಸರ್ಕಾರಕ್ಕೆ ಶಕ್ತಿ ಕಡಿಮೆಯಾಗುತ್ತದೆ ಅಂತ ನಾನು ತಿಳಿದಿದ್ದೆ. ಮಜಾ ಏನೆಂದರೆ, ಜಾಗತೀಕರಣದಲ್ಲಿ ಸರ್ಕಾರ ಹಿಂದೆ ಸರಿಯುತ್ತದೆ ಎನ್ನುವ ಪಾಠವೂ ಬೇರೆ ಇದೆ. ತಪ್ಪು ಅರ್ಥ ಅದರ ಜೊತೆ ಚೆನ್ನಾಗಿ ಹೊಂದಿಕೊಂಡುಬಿಟ್ಟಿತು! ಇಲ್ಲಿ ದೇಶ ಎಂದರೆ ಜಾಗ, ಅಷ್ಟೇ. ಸುದ್ದಿ, ಸರಕು ಬೇಗ ತಲುಪಿದಂತೆ ಜಾಗಗಳ ನಡುವಿನ ದೂರ ಕುಗ್ಗಿದಂತಾಗುತ್ತದೆ. ಮುತ್ಯಾ ‘ದೇಶ-ಕಾಲ ನೋಡಿ ಮಾತಾಡು’ ಎಂದು ಬೈಯುವಾಗ ಭೂಪಟ ನೋಡು ಅಂತ ಹೇಳುವುದಿಲ್ಲ, ಅಲ್ವಾ? ನೋಟ್ಸಿನಲ್ಲಿ ‘ದೇಶ’ ಹೊಡೆದುಹಾಕಿ ‘ಜಾಗ’ ಎಂದು ಬರೆದುಕೊಳ್ಳಿ.

ಅದು ಬಗೆಹರಿಯುವಷ್ಟರಲ್ಲಿ ಸಮಾಜಶಾಸ್ತ್ರಜ್ಞ ಆಂಟನಿ ಗಿಡೆನ್ಸ್ ಬಂದರು. ಆಧುನಿಕತೆಯಲ್ಲಿ ಸಂಬಂಧಗಳು ಕಾಲ ಮತ್ತು ಜಾಗ ದಾಟಿ ಚಾಚಿಕೊಳ್ಳುತ್ತವೆ ಎಂಬುದು ಅವರ ಮಾತು. ಒಬ್ಬರು ಕುಗ್ಗುತ್ತದೆ ಅನ್ನುತ್ತಾರೆ, ಇನ್ನೊಬ್ಬರು ಚಾಚುತ್ತದೆ ಅನ್ನುತ್ತಾರೆ. ಇಬ್ಬರೂ ವಿರೋಧಿಗಳು ಅಂತ ಒಂದು ಉತ್ತರವನ್ನೂ ಬರೆದುಬಿಟ್ಟಿದ್ದೆ.

ಗಂಟು ಬಿಚ್ಚಿದ್ದು ಕಲಬುರಗಿಯ ಕೃಷಿ ಮಾರುಕಟ್ಟೆ, ಅಂದರೆ ನಮ್ಮ ಗಂಜ್‌ನಲ್ಲಿ. ಜನವರಿಯಲ್ಲಿ ಕಾಕಾನ ಜೊತೆ ತೊಗರಿ ಚೀಲ ಹಾಕಿಕೊಂಡು ಹೋಗಿದ್ದೆ. ಅಡತಿ (ದಲ್ಲಾಳಿ) ಅಂಗಡಿಯವರು ಒಂದು ಹಿಡಿ ಕಾಳು ಅಂಗೈಗೆ ಸುರಿದುಕೊಂಡು, ಊದಿ, ಇನ್ನೊಂದು ಕೈಯಲ್ಲಿ ಫೋನ್ ನೋಡಿದರು. “ಆಫ್ರಿಕಾ ಮಾಲ್ ಇನ್ನಾ ಸ್ಟಾಕ್ ಅದರಿ ಕಾಕಾ, ರೇಟ್ ಏಳಂಗಿಲ್ಲ.” ಕಾಕಾ ನನ್ನ ಕಡೆ ತಿರುಗಿ, “ಆಫ್ರಿಕಾ ಎಲ್ಲದ, ನಮ್ಮ ಗಂಜ್ ಎಲ್ಲದ?” ಎಂದರು.

ಕಾಕಾ ಕೇಳಿದ್ದೇ ಪರೀಕ್ಷೆಯ ಪ್ರಶ್ನೆ. ಆಫ್ರಿಕಾದ ಮೊಜಾಂಬಿಕ್‌ನಲ್ಲಿ ತೊಗರಿ ಬೆಳೆಯುವ ರೈತನ ಮುಖ ಕಾಕಾ ನೋಡಿಲ್ಲ, ಅವನೂ ಕಾಕಾನನ್ನು ಕಂಡಿಲ್ಲ. ಆದರೂ ಅವನ ಫಸಲು ನಮ್ಮ ಚೀಲದ ಬೆಲೆ ತಗ್ಗಿಸುತ್ತದೆ. ಅಷ್ಟು ದೂರ ಚಾಚಿದ್ದು ಸಂಬಂಧ, ಅದು ಗಿಡೆನ್ಸ್. ಆ ಸುದ್ದಿ ಕ್ಷಣದಲ್ಲಿ ಅಂಗಡಿಯ ಫೋನಿಗೆ ಬಂದು, ಮಧ್ಯದ ಸಮುದ್ರ ಇಲ್ಲದಂತಾಯಿತು. ಕುಗ್ಗಿದ್ದು ದೂರ, ಅದು ಹಾರ್ವೆ. ಒಂದೇ ಘಟನೆಯ ಎರಡು ಮುಖ. ನನ್ನ ಶಾರ್ಟ್‌ಕಟ್ ಇಷ್ಟೇ: ‘ಏನು ಚಾಚಿತು, ಏನು ಕುಗ್ಗಿತು’ ಅಂತ ಎರಡನ್ನೂ ಒಟ್ಟಿಗೆ ಕೇಳಿ.

ಕಾರಣ ಬರೆಯುವಾಗ ಮಾತ್ರ ಇಬ್ಬರೂ ಬೇರೆಯಾಗುತ್ತಾರೆ. ‘ಮೊಬೈಲ್ ಬಂತು, ದೂರ ಕುಗ್ಗಿತು’ ಎಂದು ಬರೆದರೆ ಅದು ಹಾರ್ವೆ ಅಲ್ಲ. ಹಾಕಿದ ಬಂಡವಾಳ ಬೇಗ ತಿರುಗಿ ಬರಬೇಕು ಎನ್ನುವ ಒತ್ತಡವೇ ಅವರಿಗೆ ಮುಖ್ಯ, ಇದರ ಬೇರು ಮಾರ್ಕ್ಸ್‌ನಲ್ಲಿದೆ. ಗಿಡೆನ್ಸ್‌ಗೆ ಗಡಿಯಾರ, ದುಡ್ಡು, ತಜ್ಞರ ವ್ಯವಸ್ಥೆ ಮುಖ್ಯ, ಮುಖ ನೋಡದವರ ನಡುವೆಯೂ ವ್ಯವಹಾರ ಸಾಧ್ಯವಾಗುವುದು ಇವುಗಳಿಂದ.

ಹಾಗಂತ ಸರ್ಕಾರ ಕಾಣೆಯಾಗಿಲ್ಲ. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ಬೇಳೆಕಾಳಿನ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ 1 ಲಕ್ಷ ಟನ್, 2020-21ಕ್ಕೆ 2 ಲಕ್ಷ ಟನ್ ಎಂಬ ಲೆಕ್ಕ. 2016-17ರ ಹಂಗಾಮಿನಲ್ಲಿ ನಮ್ಮಲ್ಲೂ ತೊಗರಿ ಜಾಸ್ತಿ ಬಂತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದರೂ ಪೇಟೆ ಅದಕ್ಕಿಂತ ಕೆಳಗಿಳಿಯಿತು. 2017ರ ಆಗಸ್ಟ್‌ನಲ್ಲಿ ಆಮದಿಗೆ ಮಿತಿ ಹಾಕಿದ್ದು ಸರ್ಕಾರವೇ, 2021ರಲ್ಲಿ ಬಾಗಿಲು ಮತ್ತೆ ತೆರೆದದ್ದೂ ಅದೇ. ನನ್ನ ಹಳೇ ‘ದೇಶ ಕುಗ್ಗಿತು’ ಅರ್ಥ ಇಲ್ಲೂ ಸೋತಿತು.

ಇಲ್ಲಿಗೆ ನಿಲ್ಲಿಸಿದರೆ ಉತ್ತರ ಅರ್ಧ. ಇನ್ನೊಬ್ಬ ಭೂಗೋಳಶಾಸ್ತ್ರಜ್ಞೆ ಡೊರೀನ್ ಮ್ಯಾಸಿ ಹೇಳುವುದು, ಎಲ್ಲರಿಗೂ ದೂರ ಒಂದೇ ಥರ ಕುಗ್ಗುವುದಿಲ್ಲ ಅಂತ. ರೇಟು ಕಾಕಾನ ಫೋನಿಗೂ ಬರುತ್ತದೆ. ಗೋದಾಮು ಇದ್ದವರು ಮಾಲು ಇಟ್ಟು ಕಾಯಬಹುದು. ಕಾಕಾನಿಗೆ ಗೊಬ್ಬರದ ಅಂಗಡಿಯ ಬಾಕಿ ಆ ವಾರವೇ ತೀರಿಸಬೇಕಿತ್ತು, ಅವತ್ತೇ ಮಾರಿದರು. ಸುದ್ದಿ ಒಂದೇ, ಅದನ್ನು ಬಳಸುವ ಶಕ್ತಿ ಬೇರೆ.

ಕೊನೆಗೆ, ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಹೇಳುವ ಜಾಗತೀಕರಣದ ಐದು ಹರಿವು ಸುಮ್ನೆ ಬಾಯಿಪಾಠ ಮಾಡಿ: ಜನ, ದುಡ್ಡು, ತಂತ್ರಜ್ಞಾನ, ಮಾಧ್ಯಮ, ವಿಚಾರ. ನನಗೆ ಕೊನೆಯದು ಪ್ರತಿ ಸಲ ಮರೆಯುತ್ತದೆ.